ನರನೋವಿಗೆ ಪರ್ಯಾಯ ಚಿಕಿತ್ಸೆ: ಒಂದೊಂದನ್ನೇ ಒರೆಗೆ ಹಚ್ಚಿ ನೋಡುವ ಬಗೆ

ವರ್ಷಗಟ್ಟಲೆ ಬಿಡದೆ ಕಾಡುವ ನರನೋವಿಗೆ ಇರುವ ಮಾತ್ರೆಗಳು ಬೆರಳೆಣಿಕೆಯಷ್ಟು. ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್, ಗ್ಯಾಬಾಪೆಂಟಿನ್, ಪ್ರಿಗ್ಯಾಬಾಲಿನ್. ಮುಖದ ನರಶೂಲೆಯಾದರೆ ಕಾರ್ಬಮಜೆಪಿನ್ ಅಥವಾ ಆಕ್ಸ್‌ಕಾರ್ಬಜೆಪಿನ್. ಇವು ಎಲ್ಲರಿಗೂ ನಾಟುವುದಿಲ್ಲ. ನಾಟಿದವರಲ್ಲೂ ನೋವು ಪೂರ್ತಿ ಮಾಯವಾಗುವುದು ಅಪರೂಪ. ಅರ್ಧಕ್ಕೆ ಇಳಿದರೆ ಅದನ್ನೇ ಒಳ್ಳೆಯ ಫಲಿತಾಂಶ ಎಂದು ವೈದ್ಯರು ಎಣಿಸುತ್ತಾರೆ. ಜೊತೆಗೆ ತೂಕಡಿಕೆ, ತಲೆಸುತ್ತು, ಒಣಗಿದ ಬಾಯಿ, ಏರುವ ಮೈತೂಕ. ಇಷ್ಟಾದ ಮೇಲೆ ಮನಸ್ಸು ಬೇರೆ ದಾರಿ ಹುಡುಕಿದರೆ ಅದರಲ್ಲಿ ತಪ್ಪೇನಿಲ್ಲ.

ತೊಡಕಿರುವುದು ನೋವಿನ ಸ್ವಭಾವದಲ್ಲಿ. ಅದು ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ಮುಖದ ನರಶೂಲೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಸುಳಿವೇ ಇಲ್ಲದಂತೆ ಇದ್ದು ಮತ್ತೆ ಬರುತ್ತದೆ. ಸರ್ಪಸುತ್ತು ಮಾಸಿದ ಮೇಲೆ ಉಳಿಯುವ ಉರಿ ಬಹಳ ಮಂದಿಯಲ್ಲಿ ತಿಂಗಳುಗಳು ಉರುಳಿದಂತೆ ಏನೂ ಮಾಡದೆಯೂ ತಗ್ಗುತ್ತದೆ. ನಾವು ಹೊಸ ಚಿಕಿತ್ಸೆಗೆ ಕೈಹಾಕುವುದು ಸಾಮಾನ್ಯವಾಗಿ ನೋವು ತುತ್ತತುದಿ ಮುಟ್ಟಿದ ವಾರದಲ್ಲಿ. ತುದಿ ಮುಟ್ಟಿದ್ದು ಇಳಿಯಲೇಬೇಕಲ್ಲ, ಇಳಿದಾಗ ಅದರ ಶ್ರೇಯಸ್ಸು ಆ ವಾರ ಯಾವ ಎಣ್ಣೆ, ಯಾವ ಸೂಜಿ, ಯಾವ ಮಾತ್ರೆ ಕೈಯಲ್ಲಿತ್ತೋ ಅದಕ್ಕೆ ಹೋಗುತ್ತದೆ. ‘ನನಗೆ ಇದರಿಂದಲೇ ಗುಣವಾಯಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಬಳಿ ಲೆಕ್ಕವಿಲ್ಲ, ಅಷ್ಟೇ. ಆ ಲೆಕ್ಕ ಇಡುವುದು ಹೇಗೆ ಎಂಬುದೇ ಈ ಬರಹದ ಬಹುಪಾಲು.

ಹೆಜ್ಜೆ 1: ನೋವಿನ ಬೇರು ಗೊತ್ತಿರಲಿ

ಅಂಗಾಲು ಉರಿ, ಜುಮ್ಮೆನ್ನುವಿಕೆ, ಕರೆಂಟು ಹೊಡೆದಂಥ ಸೆಳೆತ, ಬಟ್ಟೆ ಸೋಕಿದರೂ ಉರಿಯುವ ಚರ್ಮ: ಇವೆಲ್ಲ ನರನೋವಿನ ಲಕ್ಷಣಗಳು, ಆದರೆ ಕಾರಣ ಒಂದೇ ಅಲ್ಲ. ಸಕ್ಕರೆ ಕಾಯಿಲೆ, ಬಿ12 ಕೊರತೆ, ಥೈರಾಯ್ಡ್ ಹಾರ್ಮೋನಿನ ಕೊರತೆ, ಮದ್ಯಪಾನ, ಕಿಡ್ನಿ ತೊಂದರೆ, ಕ್ಯಾನ್ಸರಿನ ಕೀಮೋಥೆರಪಿ, ಮಣಿಕಟ್ಟಿನಲ್ಲಿ ಅಥವಾ ಬೆನ್ನುಹುರಿಯ ಬಳಿ ಒತ್ತಿಹೋದ ನರ. ಇವುಗಳಲ್ಲಿ ಕೆಲವನ್ನು ಸರಿಪಡಿಸಬಹುದು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗುವವರಲ್ಲಿ, ಆ್ಯಸಿಡಿಟಿ ಮಾತ್ರೆಯನ್ನು ವರ್ಷಗಟ್ಟಲೆ ಬಿಡದವರಲ್ಲಿ, ಪ್ರಾಣಿಜನ್ಯ ಆಹಾರವನ್ನೇ ಮುಟ್ಟದವರಲ್ಲಿ ಬಿ12 ಇಳಿದಿರುವ ಸಾಧ್ಯತೆ ಹೆಚ್ಚು. ಅಂಥವರು ಸೂಜಿ ಚಿಕಿತ್ಸೆಗೆ ಅಲೆಯುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಕೊರತೆ ಹಾಗೇ ಉಳಿದರೆ ನರಕ್ಕೆ ಆದ ಹಾನಿ ಶಾಶ್ವತವಾಗಬಹುದು. ಬಿ12 ನೋಡದೆ ಬರೀ ಫೋಲಿಕ್ ಆ್ಯಸಿಡ್ ನುಂಗಿದರೆ ರಕ್ತಹೀನತೆ ಮರೆಯಾಗಿ, ನರದ ಹಾನಿ ಒಳಗೊಳಗೇ ಮುಂದುವರಿಯಬಹುದು.

ನೋವು ನಿಜಕ್ಕೂ ನರದ್ದೇ ಎಂದು ಗುರುತಿಸಲು ವೈದ್ಯರು ಬಳಸುವ ಡಿಎನ್4 ಎಂಬ ಪುಟ್ಟ ಪ್ರಶ್ನಾವಳಿ ಇದೆ. ಹತ್ತು ಅಂಶಗಳಲ್ಲಿ ನಾಲ್ಕು ಅಥವಾ ಹೆಚ್ಚು ಹೌದಾದರೆ ನರನೋವಿನ ಕಡೆಗೆ ಬೆರಳು ತೋರಿಸುತ್ತದೆ. ಕೀಲುನೋವನ್ನೋ ಸ್ನಾಯುನೋವನ್ನೋ ನರನೋವೆಂದು ತಿಳಿದು ಚಿಕಿತ್ಸೆ ಹುಡುಕಿದರೆ ಮುಂದಿನ ಹೆಜ್ಜೆಗಳೆಲ್ಲ ವ್ಯರ್ಥ.

ಕೆಲವು ಲಕ್ಷಣಗಳು ಕಂಡರೆ ಯಾವ ಪ್ರಯೋಗವೂ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು. ತೊಡೆಸಂದಿಯ ಸುತ್ತ ಮರಗಟ್ಟಿ ಮೂತ್ರ, ಮಲದ ಹಿಡಿತ ತಪ್ಪುವುದು. ಕಾಲಿನಿಂದ ಮೇಲಕ್ಕೆ ದಿನದಿಂದ ದಿನಕ್ಕೆ ಹತ್ತುವ ನಿಶ್ಶಕ್ತಿ. ಮೈಯ ಒಂದೇ ಬದಿ ಏಕಾಏಕಿ ಸೋಲುವುದು. ಮರಗಟ್ಟಿದ ಪಾದದಲ್ಲಿ ಗಾಯವಾಗಿ ಜ್ವರ ಬರುವುದು. ಸರ್ಪಸುತ್ತಿನ ಗುಳ್ಳೆ ಈಗಷ್ಟೇ ಎದ್ದಿದ್ದರೆ ವೈರಸ್ ನಿರೋಧಕ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಕಣ್ಣಿನ ಬಳಿ ಎದ್ದಿದ್ದರೆ ಅದೇ ದಿನ ತೋರಿಸಬೇಕು. ಮುಖದ ನರಶೂಲೆ ಚಿಕ್ಕ ವಯಸ್ಸಿನಲ್ಲೇ ಬಂದರೆ, ಎರಡೂ ಕೆನ್ನೆಗೆ ಬಂದರೆ ಅಥವಾ ಜೊತೆಯಲ್ಲಿ ಸ್ಪರ್ಶವೇ ತಿಳಿಯದಿದ್ದರೆ ಎಂಆರ್‌ಐ ಮಾಡಿಸದೆ ಮುಂದುವರಿಯಬೇಡಿ.

ಹೆಜ್ಜೆ 2: ಶುರು ಮಾಡುವ ಮೊದಲೇ ಅಳೆಯಿರಿ

ಒಂದು ಪುಸ್ತಕ ತೆಗೆದುಕೊಳ್ಳಿ. ಹೊಸದೇನನ್ನೂ ಶುರು ಮಾಡದೆ, ಇರುವ ಮಾತ್ರೆಗಳನ್ನು ಬದಲಿಸದೆ, ಎರಡು ವಾರ ದಿನಾ ರಾತ್ರಿ ಒಂದೇ ಹೊತ್ತಿಗೆ ಬರೆಯಿರಿ. ಸೊನ್ನೆ ಎಂದರೆ ನೋವೇ ಇಲ್ಲ, 10 ಎಂದರೆ ಊಹಿಸಬಹುದಾದ ಅತಿ ಕೆಟ್ಟ ನೋವು. ಆ ದಿನದ ಸರಾಸರಿ ಎಷ್ಟು, ಅತಿ ಹೆಚ್ಚು ಎಷ್ಟು. ಹಿಂದಿನ ರಾತ್ರಿ ನೋವಿನಿಂದ ಎಷ್ಟು ಸಲ ಎಚ್ಚರವಾಯಿತು. ಇವುಗಳ ಜೊತೆಗೆ ನಿಮಗೆ ಮುಖ್ಯವಾದ ಒಂದು ಕೆಲಸವನ್ನು ಆರಿಸಿಕೊಳ್ಳಿ: ಎಷ್ಟು ಹೊತ್ತು ನಿಂತು ಕೆಲಸ ಮಾಡಲಾಯಿತು, ಹಲ್ಲುಜ್ಜುವಾಗ ಎಷ್ಟು ಸಲ ಸೆಳೆತ ಬಂತು, ಹೊದಿಕೆ ಪಾದಕ್ಕೆ ತಾಗಿದರೆ ತಡೆಯಲಾಯಿತೇ. ಒತ್ತಡ, ಚಳಿ, ನಿದ್ದೆಗೆಟ್ಟಿದ್ದು ಇವನ್ನೂ ಒಂದೆರಡು ಪದದಲ್ಲಿ ಗುರುತು ಮಾಡಿ.

ಈ ಎರಡು ವಾರವನ್ನು ಬಿಡುವವರೇ ಹೆಚ್ಚು. ನೋವಿನಲ್ಲಿರುವವರಿಗೆ ‘ಇನ್ನೆರಡು ವಾರ ಕಾಯಿರಿ’ ಎಂದು ಹೇಳುವುದು ಕಠೋರವೇ ಹೌದು. ಆದರೆ ಈ ಆರಂಭದ ಅಂಕಿ ಇಲ್ಲದೆ ಮುಂದೆ ಬರುವ ಯಾವ ಅಂಕಿಗೂ ಅರ್ಥವಿಲ್ಲ. ನೋವಿನ ನೆನಪು ಬಹಳ ಮೋಸದ್ದು. ಇವತ್ತು ಹಗುರವಾಗಿದ್ದರೆ ಹೋದ ತಿಂಗಳು ಘೋರವಾಗಿತ್ತೆಂದೇ ತೋರುತ್ತದೆ.

ಯಾವುದನ್ನು ಸುಧಾರಣೆ ಎನ್ನಬೇಕು ಎಂಬುದನ್ನೂ ಈಗಲೇ ಬರೆದಿಡಿ. ನೋವಿನ ಸಂಶೋಧನೆಯಲ್ಲಿ ಸುಮಾರು 30% ಇಳಿಕೆ, ಅಂದರೆ ಹತ್ತರ ಅಳತೆಯಲ್ಲಿ ಹೆಚ್ಚುಕಡಿಮೆ ಎರಡು ಅಂಕ, ರೋಗಿಗೆ ನಿಜವಾಗಿ ಅನುಭವಕ್ಕೆ ಬರುವ ಬದಲಾವಣೆ ಎಂದು ಒಪ್ಪಿಕೊಂಡಿದ್ದಾರೆ. ಏಳರಿಂದ ಆರೂವರೆಗೆ ಇಳಿದದ್ದು ಖುಷಿ ಕೊಡಬಹುದು, ಪುರಾವೆಯಾಗದು.

ಹೆಜ್ಜೆ 3: ಈಗ ನುಂಗುತ್ತಿರುವುದನ್ನೆಲ್ಲ ಮೇಜಿನ ಮೇಲಿಡಿ

ಪರ್ಯಾಯ ಚಿಕಿತ್ಸೆಯಲ್ಲಿ ಅಪಾಯ ಬರುವುದು ಹೆಚ್ಚಾಗಿ ಎರಡು ದಾರಿಯಲ್ಲಿ. ಒಂದು, ಹೊಸದನ್ನು ನಂಬಿ ಹಳೆಯದನ್ನು ಥಟ್ಟನೆ ನಿಲ್ಲಿಸುವುದು. ಪ್ರಿಗ್ಯಾಬಾಲಿನ್, ಗ್ಯಾಬಾಪೆಂಟಿನ್ ಎರಡನ್ನೂ ಕನಿಷ್ಠ ಒಂದು ವಾರದಲ್ಲಿ ಹಂತಹಂತವಾಗಿ ಇಳಿಸಬೇಕು, ಹೆಚ್ಚು ಕಾಲ ತೆಗೆದುಕೊಂಡವರಿಗೆ ಇನ್ನೂ ನಿಧಾನವಾಗಿ. ಕಾರ್ಬಮಜೆಪಿನ್ ಒಮ್ಮೆಗೇ ಬಿಟ್ಟರೆ ಅಪಸ್ಮಾರ ಇರುವವರಿಗೆ ಫಿಟ್ಸ್ ಬರಬಹುದು. ಡ್ಯುಲೊಕ್ಸೆಟಿನ್ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಚಡಪಡಿಕೆ. ಜನ ಇದನ್ನು ‘ವಿಷ ಹೊರಬೀಳುತ್ತಿದೆ’ ಎಂದು ತಪ್ಪಾಗಿ ಓದಿಕೊಳ್ಳುವುದುಂಟು.

ಇನ್ನೊಂದು, ಒಂದಕ್ಕೊಂದು ಹೊಡೆದಾಡುವ ಔಷಧಗಳು. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಡ್ಯುಲೊಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ಜೊತೆ ಸೇರಿಸಿದರೆ ಮೈಯಲ್ಲಿ ಸೆರಟೋನಿನ್ ಅತಿಯಾಗಿ ನಡುಕ, ಜ್ವರ, ಗೊಂದಲ ಕಾಣಿಸಿಕೊಳ್ಳಬಹುದು. ಅದೇ ಮೂಲಿಕೆ ರಕ್ತ ತೆಳುಮಾಡುವ ವಾರ್ಫರಿನ್‌ನ ಬಲವನ್ನೂ ಗರ್ಭನಿರೋಧಕ ಮಾತ್ರೆಯ ಬಲವನ್ನೂ ಕುಗ್ಗಿಸುತ್ತದೆ. ದ್ರಾಕ್ಷಿಹಣ್ಣಲ್ಲ, ಗ್ರೇಪ್‌ಫ್ರೂಟ್ ಎಂಬ ಕಿತ್ತಳೆಯ ಜಾತಿಯ ಹಣ್ಣು ಕಾರ್ಬಮಜೆಪಿನ್ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಅರಿಶಿನದ ಸತ್ವದ ಗಾಢ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ. ಪೂರಕ ಮಾತ್ರೆಗಳಲ್ಲಿ ಬಯೋಟಿನ್ ಎಂಬ ವಿಟಮಿನ್ ಹೆಚ್ಚಿದ್ದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವೇ ತಪ್ಪು ಬರುತ್ತದೆ, ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯದೂ ಕೂಡ. ಎಲ್ಲದರ ಪಟ್ಟಿ ಮಾಡಿ ವೈದ್ಯರಿಗೋ ಔಷಧಿ ಅಂಗಡಿಯ ಫಾರ್ಮಸಿಸ್ಟರಿಗೋ ತೋರಿಸಿ. ಬೈಯುತ್ತಾರೆಂದು ಮುಚ್ಚಿಡುವುದು ಬೇಡ. ಬೈದರೂ ಪರವಾಗಿಲ್ಲ, ಪಟ್ಟಿ ನೋಡಿದರೆ ಸಾಕು.

ಹೆಜ್ಜೆ 4: ಯಾವುದನ್ನು ಮೊದಲು ಆರಿಸಬೇಕು

ಇಲ್ಲಿ ನನ್ನ ಲೆಕ್ಕಾಚಾರ ಸರಳ. ಪುರಾವೆ ಸಾಧಾರಣವಾಗಿದ್ದರೂ ಅಪಾಯ ಕಡಿಮೆ ಇರುವುದು ಮೊದಲು, ಪುರಾವೆ ತೆಳು ಆದರೂ ಹಾನಿಯಿಲ್ಲದ್ದು ಆಮೇಲೆ, ಅಪಾಯ ಹೆಚ್ಚಿರುವುದು ಬೇಡವೇ ಬೇಡ.

ಚರ್ಮಕ್ಕೆ ಹಚ್ಚುವಂಥವು. ನೋವು ಅಂಗೈಯಗಲದ ಜಾಗದಲ್ಲಿ ಇದ್ದರೆ ಇಲ್ಲಿಂದಲೇ ಶುರು ಮಾಡಿ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ಚರ್ಮದ ನರತುದಿಗಳಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಕೆರಳಿಸಿ ಕೊನೆಗೆ ಮಂಕಾಗಿಸುತ್ತದೆ. ಈ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು. 0.075% ಕ್ರೀಮನ್ನು ದಿನಕ್ಕೆ ಮೂರು–ನಾಲ್ಕು ಬಾರಿ ಹಚ್ಚಬೇಕು. ಮೊದಲ ಒಂದೆರಡು ವಾರ ಉರಿ ಹೆಚ್ಚುತ್ತದೆ, ಬಹಳ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ದಿನ ಬಿಟ್ಟು ದಿನ ಹಚ್ಚಿದರೆ ಆ ಉರಿ ತಗ್ಗುವುದೂ ಇಲ್ಲ, ಫಲ ಸಿಗುವುದೂ ಇಲ್ಲ. ಆರರಿಂದ ಎಂಟು ವಾರ ಬಿಡದೆ ಹಚ್ಚುವ ಮನಸ್ಸಿದ್ದರೆ ಮಾತ್ರ ಇಳಿಯಿರಿ. ಗಾಯದ ಮೇಲೆ, ಕಣ್ಣಿನ ಬಳಿ ಬೇಡ, ಹಚ್ಚಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ. ಮೆಣಸಿನಕಾಯಿ ಅರೆದು ಮನೆಯಲ್ಲೇ ಲೇಪ ಮಾಡಿಕೊಳ್ಳುವ ಸಲಹೆ ಅಲ್ಲಲ್ಲಿ ಕಾಣುತ್ತದೆ. ಅದರಲ್ಲಿ ಎಷ್ಟು ಖಾರವಿದೆ ಎಂದು ಅಳೆಯುವ ದಾರಿಯೇ ಇಲ್ಲ, ಚರ್ಮ ಬೊಕ್ಕೆ ಏಳುತ್ತದೆ. 8% ಕ್ಯಾಪ್ಸೈಸಿನ್ ಇರುವ ಅಂಟುಪಟ್ಟಿಯನ್ನು ಆಸ್ಪತ್ರೆಯಲ್ಲೇ ಅಂಟಿಸುತ್ತಾರೆ: ಪಾದಕ್ಕೆ 30 ನಿಮಿಷ, ಸರ್ಪಸುತ್ತಿನ ಜಾಗಕ್ಕೆ 60 ನಿಮಿಷ. ಕೆಲಸ ಮಾಡಿದರೆ ಮೂರು ತಿಂಗಳಾದರೂ ಅದರ ತಂಟೆಗೆ ಹೋಗಬೇಕಿಲ್ಲ. ಲಿಡೊಕೇಯ್ನ್ 5% ಪಟ್ಟಿ ಇದಕ್ಕಿಂತ ಸೌಮ್ಯ, ದಿನದಲ್ಲಿ 12 ಗಂಟೆ ಮೀರದಂತೆ ಅಂಟಿಸಿ ತೆಗೆಯಬೇಕು.

ಕರೆಂಟಿನ ಪುಟ್ಟ ಯಂತ್ರ. ಟೆನ್ಸ್ ಎನ್ನುವ ಈ ಯಂತ್ರದ ಹಿಂದಿರುವುದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ಗೇಟ್ ಕಂಟ್ರೋಲ್ ಸಿದ್ಧಾಂತ: ಸ್ಪರ್ಶದ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳ ದಾರಿಯನ್ನು ಮುಚ್ಚಬಲ್ಲವು. ಸಿದ್ಧಾಂತ ಗಟ್ಟಿ, ನರನೋವಿಗೆ ಇದು ಎಷ್ಟು ಉಪಕಾರಿ ಎಂಬ ಪುರಾವೆ ಮಾತ್ರ ಬಹಳ ದುರ್ಬಲ. ಆದರೂ ಬೇಡವೆನಿಸಿದ ಕ್ಷಣ ಸ್ವಿಚ್ ಆರಿಸಬಹುದು ಎಂಬ ಕಾರಣಕ್ಕೆ ಇದನ್ನು ಪ್ರಯತ್ನಿಸಬಹುದಾದವುಗಳ ಸಾಲಿನಲ್ಲಿ ಇಡುತ್ತೇನೆ. ಪೇಸ್‌ಮೇಕರ್ ಇದ್ದವರಿಗೆ ಕೂಡದು. ಕುತ್ತಿಗೆಯ ಮುಂಭಾಗಕ್ಕೆ, ಗರ್ಭಿಣಿಯ ಹೊಟ್ಟೆಗೆ, ಪೂರ್ತಿ ಮರಗಟ್ಟಿದ ಚರ್ಮಕ್ಕೆ ಅಂಟಿಸಬಾರದು.

ಅಕ್ಯುಪಂಕ್ಚರ್. ನರನೋವಿಗೆ ಇದು ಕೆಲಸ ಮಾಡುತ್ತದೆ ಎನ್ನಲೂ ಇಲ್ಲ ಎನ್ನಲೂ ಸಾಕಷ್ಟು ಆಧಾರವಿಲ್ಲವೆಂದು 2017ರ ಕೊಕ್ರೇನ್ ಪರಾಮರ್ಶೆ (ಒಂದು ವಿಷಯದ ಅಧ್ಯಯನಗಳನ್ನೆಲ್ಲ ಕಲೆಹಾಕಿ ತೂಗುವ ವರದಿ) ಹೇಳಿತು. ನೋವಿಗೆ ಸಂಬಂಧಿಸಿದ ಅಧ್ಯಯನಗಳಲ್ಲಿ ತಪ್ಪು ಜಾಗಕ್ಕೆ ಚುಚ್ಚಿದ ಅಥವಾ ಚುಚ್ಚಿದಂತೆ ನಟಿಸಿದ ಸೂಜಿಯಿಂದಲೂ ಜನರಿಗೆ ಆರಾಮ ಸಿಕ್ಕಿದೆ. ಒಂದು ಗಂಟೆ ಮಲಗಿಸಿ ಗಮನ ಕೊಟ್ಟು ಮಾತಾಡಿಸುವುದರಲ್ಲೇ ಅರ್ಧ ಔಷಧವಿದೆ ಎಂದು ನನ್ನ ಗುಮಾನಿ. ಹೋಗುವುದಾದರೆ ಒಮ್ಮೆ ಬಳಸಿ ಬಿಸಾಡುವ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು. ಎದೆಗೂಡಿನ ಮೇಲೆ ಆಳಕ್ಕೆ ಚುಚ್ಚಿದರೆ ಅಪರೂಪಕ್ಕೆ ಶ್ವಾಸಕೋಶಕ್ಕೆ ತೂತು ಬೀಳುವುದುಂಟು. ಸ್ಪರ್ಶವಿಲ್ಲದ ಪಾದಕ್ಕೆ ಸೂಜಿ ಚುಚ್ಚಿಸಿಕೊಳ್ಳುವುದು ಸಕ್ಕರೆ ಕಾಯಿಲೆಯವರಿಗೆ ಸೋಂಕಿನ ಬಾಗಿಲು.

ಪೂರಕ ಮಾತ್ರೆಗಳು. ಇಲ್ಲಿ ಜಾಹೀರಾತಿನ ಸದ್ದು ಹೆಚ್ಚು, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಆಲ್ಫಾ ಲಿಪೋಯಿಕ್ ಆ್ಯಸಿಡ್ ಬಗ್ಗೆ ಒಂದು ಕಾಲದಲ್ಲಿ ಒಳ್ಳೆಯ ಆಸೆ ಇತ್ತು. 2006ರಲ್ಲಿ ಪ್ರಕಟವಾದ ‘ಸಿಡ್ನಿ 2’ ಎಂಬ ಹೆಸರಿನ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ನರನೋವಿನವರಿಗೆ ಐದು ವಾರ ಕೊಟ್ಟಾಗ ಉರಿ, ಚುಚ್ಚು ತಗ್ಗಿತು. ದಿನಕ್ಕೆ 600 ಮಿ.ಗ್ರಾಂ. ಮೀರಿದರೆ ಲಾಭ ಹೆಚ್ಚಲಿಲ್ಲ, ವಾಕರಿಕೆ ಹೆಚ್ಚಿತು. ಆದರೆ ಆರು ತಿಂಗಳು ಮತ್ತು ಅದಕ್ಕಿಂತ ದೀರ್ಘವಾದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2024ರ ಕೊಕ್ರೇನ್ ಪರಾಮರ್ಶೆಗೆ ಲಕ್ಷಣಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಪ್ರಯತ್ನಿಸುವುದಾದರೆ ಸಕ್ಕರೆ ಮಟ್ಟ ಇಳಿಯಬಹುದೆಂಬ ಎಚ್ಚರವಿರಲಿ. ಅಸಿಟೈಲ್ ಎಲ್ ಕಾರ್ನಿಟಿನ್ ಕಥೆ ಇನ್ನೂ ಪಾಠದಾಯಕ: ಸ್ತನ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದವರಲ್ಲಿ ನರಹಾನಿ ತಡೆಯಲೆಂದು ಕೊಟ್ಟರು, 2013ರಲ್ಲಿ ಫಲಿತಾಂಶ ಬಂದಾಗ ನರಹಾನಿ ಅದರಿಂದಲೇ ಹೆಚ್ಚಿತ್ತು. ಕೀಮೋದಿಂದ ಕಾಲು ಉರಿಯುವವರು ಇದರಿಂದ ದೂರವಿರಬೇಕು.

ವಿಟಮಿನ್ ಬಿ6 ವಿಷಯ ಎಲ್ಲಕ್ಕಿಂತ ಮುಖ್ಯ. ‘ನರಗಳ ಶಕ್ತಿಗೆ’ ಎಂದು ಮಾರುವ ಮಾತ್ರೆಗಳಲ್ಲಿ ಇದು ಇದ್ದೇ ಇರುತ್ತದೆ, ಅತಿಯಾದರೆ ಬಿ6 ತಾನೇ ನರಗಳನ್ನು ಕೆಡಿಸುತ್ತದೆ, ಲಕ್ಷಣಗಳೂ ಅವೇ: ಪಾದದಲ್ಲಿ ಜುಮ್ಮು, ಉರಿ, ಮರಗಟ್ಟುವಿಕೆ. ಉರಿ ಹೆಚ್ಚಿತೆಂದು ಮಾತ್ರೆ ಹೆಚ್ಚಿಸುವವರು ವಿಷಚಕ್ರಕ್ಕೆ ಬೀಳುತ್ತಾರೆ. ದೊಡ್ಡವರಿಗೆ ದಿನದ ಮೇಲ್ಮಿತಿ ಅಮೆರಿಕದಲ್ಲಿ 100 ಮಿ.ಗ್ರಾಂ. ಇದೆ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಅದನ್ನು 12 ಮಿ.ಗ್ರಾಂ.ಗೆ ಇಳಿಸಿತು. ಎರಡು ಮೂರು ಬಗೆಯ ಮಾತ್ರೆ ನುಂಗುವವರು ಪ್ರತಿ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿ ಕೂಡಿಸಿ ನೋಡಬೇಕು.

ಚಲನೆ ಮತ್ತು ಮನಸ್ಸು. ನಡಿಗೆ, ಈಜು, ಸೈಕಲ್, ಯೋಗಾಸನ ಯಾವುದಾದರೂ ಸರಿ, ಪಾದದಲ್ಲಿ ಹುಣ್ಣಿಲ್ಲದಿದ್ದರೆ. ಕೈಗೋ ಕಾಲಿಗೋ ಪೆಟ್ಟಾದ ಮೇಲೆ ಉಳಿಯುವ ಸಿಆರ್‌ಪಿಎಸ್ ಎಂಬ ನೋವಿಗೂ, ಕತ್ತರಿಸಿದ ಅಂಗದ ‘ಇಲ್ಲದ ಕಾಲಿನ’ ನೋವಿಗೂ ಕನ್ನಡಿ ಚಿಕಿತ್ಸೆ ಇದೆ. ಇದನ್ನು 1990ರ ದಶಕದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಮುನ್ನೆಲೆಗೆ ತಂದರು: ಕನ್ನಡಿಯಲ್ಲಿ ಆರೋಗ್ಯವಂತ ಅಂಗದ ಬಿಂಬ ನೋಡುತ್ತಾ ಚಲಿಸಿದಾಗ ಮೆದುಳು ನೋವಿನ ಅಂಗವೇ ನೋವಿಲ್ಲದೆ ಚಲಿಸುತ್ತಿದೆ ಎಂದು ನಂಬುತ್ತದೆ. ಸಿಆರ್‌ಪಿಎಸ್‌ನಲ್ಲಿ ನೇರವಾಗಿ ಕನ್ನಡಿಗೆ ಹಾರಿದರೆ ಕೆಲವರಿಗೆ ನೋವು ಕೆರಳುತ್ತದೆ. ಆದ್ದರಿಂದ ಚಿತ್ರ ನೋಡಿ ಎಡ–ಬಲ ಗುರುತಿಸುವುದು, ಆಮೇಲೆ ಚಲನೆಯನ್ನು ಬರೀ ಕಲ್ಪಿಸಿಕೊಳ್ಳುವುದು, ಕೊನೆಗೆ ಕನ್ನಡಿ ಎಂಬ ಕ್ರಮದಲ್ಲಿ ಫಿಸಿಯೋಥೆರಪಿಸ್ಟರ ಕೈಕೆಳಗೆ ಮಾಡಬೇಕು. ಧ್ಯಾನವನ್ನು ನೋವಿನ ಚಿಕಿತ್ಸೆಯಾಗಿ ಆಸ್ಪತ್ರೆಯೊಳಗೆ ತಂದವರು ಜಾನ್ ಕಬಟ್ ಝಿನ್, 1979ರಲ್ಲಿ. ಅವರ ಕಾರ್ಯಕ್ರಮ ಎಂಟು ವಾರದ್ದು. ಇದರಿಂದ ನೋವಿನ ಅಂಕ ಹೆಚ್ಚು ಇಳಿಯದಿದ್ದರೂ ನಿದ್ದೆ ಮತ್ತು ದಿನದ ಕೆಲಸ ಸುಧಾರಿಸಬಹುದು. ಅದಕ್ಕೇ ಪುಸ್ತಕದಲ್ಲಿ ನೋವು, ನಿದ್ದೆ, ಕೆಲಸ ಮೂರನ್ನೂ ಬರೆಯಲು ಹೇಳಿದ್ದು.

ಬಿಸಿನೀರು, ಎಣ್ಣೆ ಮಾಲೀಸು, ಮಂಜುಗಡ್ಡೆ. ಎಲ್ಲರೂ ಮಾಡುವುದು, ಎಲ್ಲರೂ ಸುಟ್ಟುಕೊಳ್ಳುವುದೂ ಇಲ್ಲೇ. ಉರಿಯುವ ಪಾದಕ್ಕೆ ಬಿಸಿ ತಿಳಿಯುತ್ತದೆ ಎಂದುಕೊಳ್ಳಬೇಡಿ. ಉರಿ ಇದ್ದೂ ಸ್ಪರ್ಶ ಸತ್ತಿರಬಹುದು. ನೀರಿನ ಬಿಸಿಯನ್ನು ಉಷ್ಣಮಾಪಕದಲ್ಲಿ ನೋಡಿ, 37 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಹೀಟಿಂಗ್ ಪ್ಯಾಡ್ ಹಾಕಿ ನಿದ್ದೆಹೋಗಬಾರದು. ಮಂಜಿನ ನೀರಲ್ಲಿ ಗಂಟೆಗಟ್ಟಲೆ ಪಾದ ಮುಳುಗಿಸಿದರೆ ಚರ್ಮ ಕೊಳೆಯುತ್ತದೆ.

ನಾನು ಪಟ್ಟಿಯಿಂದ ತೆಗೆದುಹಾಕುವುದು: ಒಳಗೇನಿದೆ ಎಂದು ಹೇಳದ ಪುಡಿ, ಗುಳಿಗೆ, ಮತ್ತು ಪರೀಕ್ಷಾ ವರದಿಯಿಲ್ಲದ ಭಸ್ಮಗಳು. ಅಂತರ್ಜಾಲದಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸವೂ ಆರ್ಸೆನಿಕ್ಕೂ ನರಗಳನ್ನೇ ಕೊಲ್ಲುವ ವಿಷ. ಹೋಮಿಯೋಪತಿಯ ಅತಿ ತೆಳುಗೊಳಿಸಿದ ಗುಳಿಗೆಗಳಲ್ಲಿ ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವುದಿಲ್ಲ, ಹಾಗಾಗಿ ಹಾನಿಯೂ ಇಲ್ಲ, ನೆಚ್ಚಿಕೊಳ್ಳುವಂಥ ಪುರಾವೆಯೂ ಇಲ್ಲ. ಗಾಂಜಾ ಮೂಲದ ಔಷಧಗಳ ಕಾನೂನು ದೇಶದಿಂದ ದೇಶಕ್ಕೆ ಬೇರೆ; ನರನೋವಿನಲ್ಲಿ ಅವುಗಳ ಲಾಭಕ್ಕಿಂತ ಹಾನಿ ಹೆಚ್ಚಿರಬಹುದೆಂದು 2018ರ ಕೊಕ್ರೇನ್ ಪರಾಮರ್ಶೆ ಎಚ್ಚರಿಸಿತ್ತು.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು. ಕಠಿಣ ಪಥ್ಯ ಹಿಡಿದೋ ಇನ್ಸುಲಿನ್ ಏರಿಸಿಯೋ ಮೂರು ತಿಂಗಳೊಳಗೆ ಎಚ್‌ಬಿಎ1ಸಿಯನ್ನು (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯ ಶೇಕಡಾ ಅಂಕಿ) ಎರಡು ಅಂಕಕ್ಕಿಂತ ಹೆಚ್ಚು ಇಳಿಸಿದರೆ, ಆ ವೇಗದಿಂದಲೇ ತೀವ್ರ ನರನೋವು ಹುಟ್ಟಬಹುದು. ಸಕ್ಕರೆ ಇಳಿಯಲಿ, ಆದರೆ ವೇಗವನ್ನು ವೈದ್ಯರೊಂದಿಗೆ ಮಾತಾಡಿ ನಿಗದಿ ಮಾಡಿ.

ಹೆಜ್ಜೆ 5: ಪ್ರಯೋಗ ನಡೆಸುವುದು

ಒಂದು ಸಲಕ್ಕೆ ಒಂದೇ. ಮೂವರು ಸೇರಿ ಗಾಡಿ ತಳ್ಳಿದರೆ ಯಾರ ಬಲಕ್ಕೆ ಚಕ್ರ ಉರುಳಿತೆಂದು ಹೇಳಲಾಗದು. ಕ್ರೀಮು, ಮಾತ್ರೆ, ಸೂಜಿ ಮೂರನ್ನೂ ಒಂದೇ ವಾರ ಶುರು ಮಾಡಿದವರು ಕೊನೆಗೆ ಮೂರಕ್ಕೂ ಜೀವನವಿಡೀ ಹಣ ಸುರಿಯುತ್ತಿರುತ್ತಾರೆ.

ಶುರುವಾಗುವ ದಿನವನ್ನು ಬರೆಯುವಾಗಲೇ ನಿಲ್ಲಿಸುವ ದಿನವನ್ನೂ ಬರೆಯಿರಿ. ಟೆನ್ಸ್‌ಗೆ ಎರಡು ಮೂರು ವಾರ ಸಾಕು, ಅಕ್ಯುಪಂಕ್ಚರಿಗೆ ಆರು ವಾರ, ಕ್ಯಾಪ್ಸೈಸಿನ್ ಕ್ರೀಮು ಮತ್ತು ಧ್ಯಾನಕ್ಕೆ ಎಂಟು ವಾರ, ಪೂರಕ ಮಾತ್ರೆಗೆ ಹೆಚ್ಚೆಂದರೆ ಮೂರು ತಿಂಗಳು. ಆ ದಿನ ಬಂದಾಗ ಕೊನೆಯ ಎರಡು ವಾರದ ಸರಾಸರಿಯನ್ನು ಮೊದಲ ಎರಡು ವಾರದ ಸರಾಸರಿಯ ಪಕ್ಕ ಇಟ್ಟು ನೋಡಿ. ನಡುವಿನ ಒಳ್ಳೆಯ ದಿನಗಳನ್ನು ಆಯ್ದು ಲೆಕ್ಕ ಹಾಕುವ ಆಸೆ ಬರುತ್ತದೆ, ಬೇಡ.

ಸುಧಾರಣೆ ಕಂಡರೆ ಅಲ್ಲಿಗೆ ಮುಗಿಯಲಿಲ್ಲ. ಹಾನಿಯಿಲ್ಲದೆ ನಿಲ್ಲಿಸಬಹುದಾದದ್ದಾದರೆ ಎರಡು ಮೂರು ವಾರ ನಿಲ್ಲಿಸಿ. ನೋವು ಏರಿತೇ? ಮತ್ತೆ ಶುರು ಮಾಡಿ. ಇಳಿಯಿತೇ? ಹೀಗೆ ಎರಡು ಸುತ್ತು ಅದೇ ರೀತಿ ಆದರೆ ನಂಬಬಹುದು. ನಿಲ್ಲಿಸಿದ ಮೇಲೂ ಅಂಕ ಕೆಳಗೇ ಇದ್ದರೆ ನೋವು ತಾನಾಗಿ ತಗ್ಗಿತೆಂದು ತಿಳಿದು ಹಣ ಉಳಿಸಿ. ಮಾತ್ರೆಯ ವಿಷಯದಲ್ಲಿ ಇನ್ನೂ ಖಚಿತವಾಗಬೇಕೆಂದರೆ ಫಾರ್ಮಸಿಸ್ಟರ ಸಹಾಯದಿಂದ ಒಂದೇ ಬಗೆಯ ಕ್ಯಾಪ್ಸೂಲ್‌ಗಳಲ್ಲಿ ಅಸಲಿ ಮತ್ತು ಖಾಲಿ ತುಂಬಿಸಿ, ಯಾವುದು ಯಾವುದೆಂಬ ಗುಟ್ಟನ್ನು ಮನೆಯವರ ಕೈಲಿ ಇಡಬಹುದು. ಒಬ್ಬರ ಮೇಲೆಯೇ ನಡೆಸುವ ಇಂಥ ಪರೀಕ್ಷೆಗೆ ವೈದ್ಯಶಾಸ್ತ್ರದಲ್ಲೂ ಮಾನ್ಯತೆ ಇದೆ. ವೈದ್ಯರು ಕೊಟ್ಟ ಮಾತ್ರೆಗಳ ಮೇಲೆ ಮಾತ್ರ ಈ ಆಟ ಬೇಡ.

ಹೆಜ್ಜೆ 6: ಚಿಕಿತ್ಸೆ ಕೊಡುವವರನ್ನು ತೂಗುವುದು

ಎಷ್ಟು ವಾರದಲ್ಲಿ ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ಏನು ಮಾಡುತ್ತೀರಿ, ನನ್ನ ಈಗಿನ ಮಾತ್ರೆಗಳ ಜೊತೆ ಆಗುತ್ತದೆಯೇ ಎಂದು ಕೇಳಿ. ನೆಟ್ಟಗೆ ಉತ್ತರ ಕೊಡುವವರ ಬಳಿ ಕೂರಬಹುದು. ಇಡೀ ಪ್ಯಾಕೇಜಿನ ಹಣವನ್ನು ಮುಂಗಡವಾಗಿ ಕೇಳುವವರು, ‘ಇಂಗ್ಲಿಷ್ ಔಷಧ ಎಲ್ಲ ಇವತ್ತೇ ಬಿಡಿ’ ಎನ್ನುವವರು, ನೋವು ಹೆಚ್ಚಾದರೆ ಅದೇ ಗುಣದ ಲಕ್ಷಣ ಎನ್ನುವವರು, ಪಥ್ಯ ತಪ್ಪಿದ್ದರಿಂದ ಫಲಿಸಲಿಲ್ಲ ಎಂದು ದೂರನ್ನು ನಿಮ್ಮ ತಲೆಗೇ ಕಟ್ಟುವವರು: ಇವರಿಂದ ಎದ್ದು ಬನ್ನಿ.

ಹೆಜ್ಜೆ 7: ಪುಸ್ತಕ ಹಿಡಿದು ವೈದ್ಯರ ಬಳಿಗೆ

ನಾಲ್ಕಾರು ತಿಂಗಳ ಅಂಕಿ ಕೈಯಲ್ಲಿದ್ದರೆ ನೋವು ತಜ್ಞರ ಜೊತೆಗಿನ ಮಾತು ಬೇರೆಯೇ ಆಗುತ್ತದೆ. ಯಾವುದಾದರೂ ಕೆಲಸ ಮಾಡಿದ್ದರೆ ಮಾತ್ರೆಯ ಪ್ರಮಾಣ ಇಳಿಸಬಹುದೇ ಎಂದು ಕೇಳಿ. ಯಾವುದೂ ಕೆಲಸ ಮಾಡದಿದ್ದರೆ ಆ ಪುಟಗಳನ್ನೇ ಮುಂದಿಟ್ಟು ಮುಂದಿನ ಮೆಟ್ಟಿಲಿನ ಬಗ್ಗೆ ಕೇಳಿ: ಈಗಿನ ಮಾತ್ರೆಯನ್ನು ಪೂರ್ಣ ಪ್ರಮಾಣಕ್ಕೆ ಏರಿಸಿ ನೋಡಿದ್ದೇವೆಯೇ, ಎರಡು ಬಗೆಯ ಮಾತ್ರೆ ಸೇರಿಸಬಹುದೇ, 8% ಕ್ಯಾಪ್ಸೈಸಿನ್ ಪಟ್ಟಿ ಸಿಗುತ್ತದೆಯೇ, ಬೆನ್ನುಹುರಿಗೆ ಅಳವಡಿಸುವ ಉದ್ದೀಪಕ ಯಂತ್ರಕ್ಕೆ ನಾನು ತಕ್ಕವನೇ ಅಥವಾ ತಕ್ಕವಳೇ. ಮುಖದ ನರಶೂಲೆಯವರು ನರದ ಮೇಲೆ ಒತ್ತುತ್ತಿರುವ ರಕ್ತನಾಳವನ್ನು ಸರಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ನರಶಸ್ತ್ರಚಿಕಿತ್ಸಕರನ್ನು ಕಾಣಬೇಕು. ಇದನ್ನು ವರ್ಷಗಟ್ಟಲೆ ಮುಂದೂಡುತ್ತಾ ಬೇರೆ ಬೇರೆ ಎಣ್ಣೆ ಹಚ್ಚಿಕೊಂಡು ಕೂರುವ ಅಗತ್ಯವಿಲ್ಲ. ಹೋಗುವಾಗ ಪುಸ್ತಕದ ಜೊತೆ ನುಂಗಿದ ಎಲ್ಲ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಖಾಲಿಯಾದವನ್ನೂ ಸೇರಿಸಿ.